ಬೆಂಡು ಕಟ್ಟಿಸಿದ ವಕೀಲರು

ಹೋದ ಸೋಮವಾರ ನಮ್ಮ ಸೀನಿಯರ್ ವಕೀಲರು ಲಿಂಗೈಕ್ಯರಾದರು. ಮಧುಗಿರಿ ಬೆಟ್ಟದ ಬುಡದಲ್ಲಿರುವ ಅವರ ತೋಟದಲ್ಲೇ ಸಮಾಧಿಯಾಯಿತು. ಮಣ್ಣು ಹಾಕಿ, ಕೈ ತೊಳೆದುಕೊಂಡು, ಹುಣಸೆಮರದ ನೆರಳಿನಲ್ಲಿ ನಿಂತ ಜನ ಅವರ ಬಗ್ಗೆ ನಾಲ್ಕು ಮಾತು ಆಡಿದರು. ಒಬ್ಬರು ಅವರ ಇಂಗ್ಲಿಷನ್ನು ಹೊಗಳಿದರು. ಇನ್ನೊಬ್ಬರು ಯಾವುದೋ ದಾಯಾದಿ ವ್ಯಾಜ್ಯದಲ್ಲಿ ಮುನ್ಸೀಫರ ಎದುರಿಗೇ ಮೇಜು ಗುದ್ದಿದ್ದನ್ನು ನೆನೆದರು. ಮಠಕ್ಕೆ ಕೊಟ್ಟ ಗಂಟೆಯ ಮಾತೂ ಬಂತು. ಯಾರಾದರೂ ದೋಣಿಯ ಮಾತು ಎತ್ತುತ್ತಾರೇನೋ ಅಂತ ನಾನು ಕಾಯುತ್ತಲೇ ಇದ್ದೆ. ಒಬ್ಬ ಪುಣ್ಯಾತ್ಮನೂ ಎತ್ತಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಆ ಗುಂಪಿನಲ್ಲಿ ಅರ್ಧಕ್ಕರ್ಧ ಜನ ಅವರ ದೋಣಿಯಲ್ಲಿ ಕೂತು ಕೆರೆ ಸುತ್ತಿದವರು, ಅವರ ಕೈಯಲ್ಲಿ ಬೆಂಡು ಕಟ್ಟಿಸಿಕೊಂಡು ಗೊಣಗಿದವರು.

ಆ ಉರಿಯಲ್ಲೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ. ತಮ್ಮನ್ನು ಕೇಳದೆ ತಮ್ಮ ಹೆಸರು ಬಳಸಿದವರಿಗೆಲ್ಲ ನೋಟೀಸು ಕೊಡುತ್ತಿದ್ದ ಮನುಷ್ಯ ಅವರು. ಈಗ ಎಲ್ಲಿದ್ದಾರೋ ಅಲ್ಲಿಂದಲೂ ಒಂದು ಕಳಿಸಿಯಾರು.

ಆಳು ದಪ್ಪ. ಜರಿಪೇಟ, ಕರಿಕೋಟು, ಹಣೆಯ ತುಂಬ ವಿಭೂತಿ, ಎಡಗೈ ಮುಷ್ಟಿಯೊಳಗೆ ಸದಾ ಒಂದು ನಸ್ಯದ ಡಬ್ಬಿ. ನಸ್ಯ ಏರಿಸುವ ಮುಂಚೆ ಒಂದು ಪ್ರಶ್ನೆ ಕೇಳುತ್ತಿದ್ದರು; ಏರಿಸಿ, ಸೀನಿ, ಮೂಗು ಒರೆಸಿಕೊಂಡ ಮೇಲೆ ಅದಕ್ಕೆ ತಾವೇ ಉತ್ತರ ಹೇಳುತ್ತಿದ್ದರು. ನಡುವೆ ನಾವು ಯಾರಾದರೂ ಉತ್ತರ ಕೊಟ್ಟಿದ್ದರೆ ಅದು ದಂಡ. ಕೋರ್ಟಿನಲ್ಲಿ ಹೇಗೋ ಮನೆಯಲ್ಲೂ ಹಾಗೇ. ಸಾರಿಗೆ ಉಪ್ಪು ಕಮ್ಮಿಯಾದರೂ ಪಾಟೀಸವಾಲು. ಅವರ ಮನೆಯ ಅಮ್ಮಾವರು ಪಾವಗಡದ ಕಡೆಯ ವ್ಯಾಪಾರಸ್ಥರ ಮನೆ ಹೆಣ್ಣುಮಗಳು. ಮಾತಿನಲ್ಲಿ ಆಗೀಗ ತೆಲುಗು ನುಸುಳುತ್ತಿತ್ತು, ಸಾಕು ಅನ್ನುವುದಕ್ಕೆ ಚಾಲು. "ಚಾಲು, ಚಾಲು. ನಿಮ್ಮ ಕೋರ್ಟು ಅಲ್ಲೈತೆ, ಊಟ ಇಲ್ಲೈತೆ," ಅಂತ ಆಕೆ ಒಂದು ಸಲ ಅಂದರೆ ಅವರ ವಾದ ಅಲ್ಲಿಗೆ ಮುಗಿಯುತ್ತಿತ್ತು. ನಾನು ಕಂಡ ಹಾಗೆ ಅವರು ಸೋಲುತ್ತಿದ್ದದ್ದು ಆ ಒಂದು ಕಡೆ ಮಾತ್ರ.

ದೋಣಿ ಬಂದದ್ದೇ ಒಂದು ತಮಾಷೆ. ಬೆಂಗಳೂರಿನಲ್ಲಿ ಯಾರೋ ಇಂಗ್ಲಿಷ್ ದೊರೆ ಸೀಮೆಗೆ ವಾಪಸು ಹೊರಟು, ಅವನ ಬಂಗಲೆಯ ಸಾಮಾನೆಲ್ಲ ಹರಾಜಿಗೆ ಬಂತು. ಕಾನೂನು ಪುಸ್ತಕ ಇಡಲು ಒಳ್ಳೆಯ ಬೀರು ಸಿಕ್ಕೀತು ಅಂತ ಹೋದ ನಮ್ಮವರು ಮೋಟಾರು ದೋಣಿ ಕೊಂಡು ಬಂದರು. ಲಾರಿಯ ಮೇಲೆ ಬೋರಲು ಮಲಗಿಕೊಂಡು ಅದು ಊರೊಳಗೆ ಬಂದಾಗ ಕೋರ್ಟಿನಲ್ಲಿದ್ದ ಕಕ್ಷಿಗಾರರೆಲ್ಲ ಬೀದಿಗೆ ಬಂದುಬಿಟ್ಟರು. ಅಮ್ಮಾವರು ಬಾಗಿಲಲ್ಲಿ ನಿಂತು, "ಬೀರು ಎಲ್ರೀ?" ಅಂದರು. ವಕೀಲರು ನಸ್ಯ ಏರಿಸಿ, ಸೀನಿ, "ಸಿಗಲಿಲ್ಲ ಕಣೆ," ಅಂದರು, ಅಷ್ಟೆ.

ನಮ್ಮದು ಮಳೆಯನ್ನು ನೆಚ್ಚಲಾಗದ ಸೀಮೆ. ಕೊರಟಗೆರೆ ರಸ್ತೆಯ ದೊಡ್ಡ ಕೆರೆ ತುಂಬಿದ ವರ್ಷ ದಸರಾದಿಂದ ಸಂಕ್ರಾಂತಿಯವರೆಗೆ ದೋಣಿ ಓಡುತ್ತಿತ್ತು. ಆಮೇಲೆ ಅದು ಏರಿಯ ಕೆಳಗಿನ ಕೊಟ್ಟಿಗೆಯಲ್ಲಿ ಕೋಳಿಗಳ ಮನೆ. ಒಂದು ವರ್ಷ ತಾವೊಬ್ಬರೇ ಇಟ್ಟುಕೊಂಡು, ಇಷ್ಟು ದೊಡ್ಡ ಆಟದ ಸಾಮಾನು ಒಬ್ಬನ ಮನೆಯಲ್ಲಿರಬಾರದು ಅಂತ ಊರಿನ ಕ್ಲಬ್ಬಿಗೆ ಬರೆದುಕೊಟ್ಟುಬಿಟ್ಟರು. ಭಾನುವಾರ ಸಂಜೆ ಕ್ಲಬ್ಬಿನವರು ಹೆಂಡತಿ ಮಕ್ಕಳೊಂದಿಗೆ ಹೋಗಿ ಒಂದು ಸುತ್ತು ಹಾಕಿ ಬರುತ್ತಿದ್ದರು. ದೋಣಿ ನಡೆಸುವವರು ಶಿರಾದ ಬಾಷಾ ಸಾಬರು. ವಾರವೆಲ್ಲ ಬಸ್ಸು, ಭಾನುವಾರ ದೋಣಿ.

ಇಷ್ಟೆಲ್ಲ ಮಾಡಿದ ಮನುಷ್ಯನಿಗೆ ಈಜು ಬರುತ್ತಿರಲಿಲ್ಲ. ಬರದಿದ್ದರೆ ಹೋಗಲಿ, ನೀರೆಂದರೆ ಭಯ. ದೋಣಿಯ ನಟ್ಟನಡುವೆ ಕೂತು, ಎರಡು ಕೈಯಲ್ಲೂ ಹಲಗೆ ಹಿಡಿದುಕೊಂಡರೆ ಮತ್ತೆ ದಡ ಮುಟ್ಟುವವರೆಗೆ ನಸ್ಯದ ನೆನಪೂ ಇಲ್ಲ. ಹಾಗಾದರೆ ಯಾಕೆ ಹೋಗುತ್ತೀರಿ ಅಂತ ಕೇಳಿದ್ದಕ್ಕೆ, "ನಡುನೀರಿನಿಂದ ನಮ್ಮ ಬೆಟ್ಟ ನೋಡಿದೀಯೇನಯ್ಯಾ? ಮೇಲೊಂದು, ಕೆಳಗೊಂದು. ಅದನ್ನ ನೋಡೋಕೆ ಹೆದರಿಕೊಂಡಾದ್ರೂ ಹೋಗ್ಬೇಕು," ಅಂದರು.

ಆ ದೊರೆಯ ದೋಣಿಯ ಜೊತೆ ನೀರಿಗೆ ಬಿದ್ದವರಿಗೆ ಎಸೆಯುವ ಬಿಳಿಯ ಉಂಗುರವೊಂದು ಬಂದಿತ್ತು. ಅದರ ಹೊಟ್ಟೆಯನ್ನು ಇಲಿ ತಿಂದಿತ್ತು. ಒಂದು ಉಂಗುರ ಇಷ್ಟು ಜನಕ್ಕೆ ಯಾವ ಮೂಲೆಗೆ ಅಂತ ವಕೀಲರು ನಮ್ಮ ಕಡೆಯ ದಾರಿ ಹಿಡಿದರು. ಬಾವಿಯಲ್ಲಿ ಈಜು ಕಲಿಯುವ ಮಕ್ಕಳ ಬೆನ್ನಿಗೆ ಕತ್ತಾಳೆ ಕಂಬದ ಒಣಬೆಂಡು ಕಟ್ಟುತ್ತೇವಲ್ಲ, ಅದೇ. ಬೇಲಿಗಳಿಂದ ಕಂಬ ಕಡಿಸಿ, ಒಣಗಿಸಿ, ತುಂಡು ಮಾಡಿ, ಖಾಕಿ ಬಟ್ಟೆಯಲ್ಲಿ ಹೊಲಿಸಿ, ಎದೆಗೊಂದು ಬೆನ್ನಿಗೊಂದು ಬರುವ ಹಾಗೆ ಲಾಡಿ ಹಚ್ಚಿಸಿದರು. ಕಟ್ಟಿಕೊಳ್ಳದೆ ಯಾರೂ ದೋಣಿಗೆ ಕಾಲಿಡುವ ಹಾಗಿಲ್ಲ. ಗಂಡಸರಿಗೆ ತಾವೇ ಕಟ್ಟುತ್ತಿದ್ದರು. ಹೆಂಗಸರಿಗೆ ಅಮ್ಮಾವರು ಕಟ್ಟುತ್ತಿದ್ದರು. ಎಲ್ಲರಿಗೂ ಕಟ್ಟಿ ಕಡೆಗೆ ಇಬ್ಬರೂ ತಮ್ಮ ತಮ್ಮದನ್ನು ತಾವೇ ಹೇಗೋ ಬಿಗಿದುಕೊಳ್ಳುತ್ತಿದ್ದರು.

ಜನ ಒದ್ದಾಡಿಹೋದರು. ತುಂಟ ದನದ ಕೊರಳಿಗೆ ಕೊರಡು ಕಟ್ಟುತ್ತಾರಲ್ಲ, ಹಾಗೆ ಕಾಣುತ್ತಿತ್ತು ನೋಡಲಿಕ್ಕೆ. ಹೆಡ್‌ಮಾಸ್ತರರು ಒಂದು ಸಲ ಅಡ್ಡ ನಿಂತರು. ತಮಗೆ ಈಜು ಬರುತ್ತೆ, ಬೇಕಿಲ್ಲ ಅಂದರು. ಶುರುವಾಯಿತು.

"ಎಲ್ಲಿ ಕಲಿತದ್ದು?"

"ನಮ್ಮೂರ ಬಾವೀಲಿ."

"ಆಗ ಏನು ಉಟ್ಟಿದ್ರಿ?"

"ಲಂಗೋಟಿ."

"ಈಗ?"

"ಕಚ್ಚೆಪಂಚೆ. ಕೋಟು. ಶಲ್ಯ."

"ಪೇಟ ಬಿಟ್ರಲ್ಲ. ಇರಲಿ. ಇಷ್ಟೂ ಉಟ್ಕೊಂಡು ಯಾವತ್ತಾದ್ರೂ ಈಜಿದೀರಾ?"

"ಇಲ್ಲ."

"ಹಂಗಾದ್ರೆ ತಮಗೆ ಈಜು ಬರುತ್ತೆ ಅನ್ನೋದಕ್ಕೆ ಸಾಕ್ಷಿ ಇಲ್ಲ. ತಿರುಗಿ ನಿಂತ್ಕೊಳಿ."

ಹೆಡ್‌ಮಾಸ್ತರರು ತಿರುಗಿ ನಿಂತರು. ಅವರ ಮಕ್ಕಳು ಬಿದ್ದೂ ಬಿದ್ದೂ ನಕ್ಕವು.

ಬರೀ ಬೆಂಡಲ್ಲ. ದೋಣಿ ಬಿಡುವ ಮುಂಚೆ ದಡದ ಮೇಲೆ ನಿಂತು ಕೂಗುತ್ತಿದ್ದರು, "ಹಗ್ಗ?" ಒಳಗಿನಿಂದ ಬಾಷಾ ಸಾಬರು, "ಹೈ ಸಾಬ್!" "ಮರಳು?" ಮರಳು ಅಂದರೆ ಇಂಜಿನ್ನಿಗೆ ಬೆಂಕಿ ಹತ್ತಿದರೆ ಸುರಿಯಲು ಇಟ್ಟ ಬಕೀಟು. "ಹೈ!" "ಹಾರ್ನು?" ಹಳೆಯ ಬಸ್ಸಿನ ರಬ್ಬರು ಹಾರ್ನನ್ನು ದೋಣಿಯ ಮೂಗಿಗೆ ಕಟ್ಟಿದ್ದರು. ಬಾಷಾ ಸಾಬರು ಬಾಯಲ್ಲಿ ಹೇಳದೆ ಅದನ್ನೇ ಒಂದು ಸಲ ಪೋಂ ಅನ್ನಿಸುತ್ತಿದ್ದರು. ಏರಿಯ ಮೇಲಿದ್ದ ಎಮ್ಮೆಗಳು ತಲೆ ಎತ್ತಿ ನೋಡುತ್ತಿದ್ದವು.

ಆಮೇಲೆ ದೀಪ. ದೋಣಿಯ ಎಡಕ್ಕೆ ಕೆಂಪು ಗಾಜು, ಬಲಕ್ಕೆ ಹಸಿರು, ಹಿಂದೆ ಬಿಳಿ. ಹೊತ್ತು ಇಳಿಯುವ ಮುಂಚೆಯೇ ಮೂರನ್ನೂ ಹಚ್ಚಿಸುತ್ತಿದ್ದರು. ಕೆರೆಗೆಲ್ಲ ಇರುವುದು ಇದೊಂದೇ ಮೋಟಾರು ದೋಣಿ, ಕೆಂಪು ಹಸಿರು ಯಾರಿಗೆ ತೋರಿಸೋಕೆ ಸಾರ್, ಕೊಕ್ಕರೆಗಾ ಅಂತ ನಾವು ಆಡಿಕೊಂಡೆವು. ಅವರು ನೆಟ್ಟಗೆ ಬೆಸ್ತರ ಹಟ್ಟಿಗೆ ಹೋದರು. ನಾನೂ ಹಿಂದೆ ಹೋದೆ. ಎರಡು ಬಣ್ಣವೂ ಒಟ್ಟಿಗೆ ಕಂಡರೆ ದೋಣಿ ನಿಮ್ಮ ಮೇಲೇ ಬರುತ್ತಿದೆ ಅಂತ, ಒಂದೇ ಕಂಡರೆ ಪಕ್ಕಕ್ಕೆ ಹೋಗುತ್ತಿದೆ ಅಂತ, ಹೀಗೆ ವಿವರಿಸಿದರು. ಬಲೆ ಹೊಲಿಯುತ್ತ ಕೂತಿದ್ದ ಒಬ್ಬ ಮುದುಕಿ ತಲೆ ಎತ್ತಿದಳು.

"ಅಲ್ಲ ಕಣ್ ಸೋಮಿ, ನಿಮ್ ದೀಪ ನಮಗ್ ಕಾಣ್ತದೆ, ಸರಿ. ನಮ್ ಹರಗೋಲು ನಿಮಗೆ ಹೆಂಗ್ ಕಾಣ್ತದೆ? ನಮಗೆ ದೀಪ ಎಲ್ಲೈತೆ?"

ವಕೀಲರು ಡಬ್ಬಿ ತೆಗೆದರು, ನಸ್ಯ ಏರಿಸಿದರು, ಸೀನಿದರು. "ಬಿಡಮ್ಮ. ಕೇಸು ನಿಂದೇ," ಅಂದರು. ಆ ವಾರದಲ್ಲೇ ಹಟ್ಟಿಯ ಹರಿಗೋಲಿಗೆಲ್ಲ ಒಂದೊಂದು ಲಾಟೀನು ಬಂತು. ಬಾಷಾ ಸಾಬರಿಗೆ ಹೊಸ ಅಪ್ಪಣೆಯೂ ಆಯಿತು. ಹರಿಗೋಲು ಕಂಡರೆ ಮೋಟಾರು ದೋಣಿಯೇ ದಾರಿ ಬಿಡಬೇಕು. ಅವರು ಹೊಟ್ಟೆಪಾಡಿಗೆ ಬಂದವರು, ನಾವು ಗಾಳಿ ತಿನ್ನಲು ಬಂದವರು.

ಇಷ್ಟು ಭಯ ಇದ್ದವರ ಹಿಂದೆ ಏನೋ ಕತೆ ಇರಬೇಕು ಅಂತ ಊರಿನವರ ಗುಮಾನಿ. ಚಿಕ್ಕಂದಿನಲ್ಲಿ ತಮ್ಮನೋ ತಂಗಿಯೋ ನೀರು ಪಾಲಾಗಿರಬೇಕು ಅಂತ ಒಬ್ಬರು, ಇಲ್ಲ ಜೊತೆಯ ವಿದ್ಯಾರ್ಥಿ ಅಂತ ಇನ್ನೊಬ್ಬರು. ತಡೆಯಲಾರದೆ ನಾನು ಕೇಳಿಯೇಬಿಟ್ಟೆ. "ಸಾರ್, ನಿಮ್ಮ ಪೈಕಿ ಯಾರಾದ್ರೂ ಮುಳುಗಿ ಹೋಗಿದ್ರಾ?"

ಅವರು ನನ್ನನ್ನು ದುರುಗುಟ್ಟಿಕೊಂಡು ನೋಡಿದರು.

"ಯಾರೂ ಮುಳುಗಿಲ್ಲ ಕಣಯ್ಯಾ. ಬುದ್ಧಿ ಬರೋಕೆ ಒಬ್ಬರು ಮುಳುಗಲೇಬೇಕೇನು?"

 

ಯುದ್ಧ ಬಂದು, ಪೆಟ್ರೋಲಿಗೆ ರೇಷನ್ನು ಆದ ಮೇಲೆ ದೋಣಿ ನಿಂತಿತು. ಇಂಜಿನ್ನು ಯಾವುದೋ ಹಿಟ್ಟಿನ ಗಿರಣಿಗೆ ಹೋಯಿತು. ದೀಪದ ಕೆಂಪು ಗಾಜನ್ನು ಬಾಷಾ ಸಾಬರು ಕೇಳಿ ಪಡೆದು ಬಸ್ಸಿನ ಹಿಂದೆ ಹಾಕಿಕೊಂಡರು. ಬೆಂಡುಗಳು ಊರಿನ ಬಾವಿಗಳಿಗೆ ಹಂಚಿಹೋಗಿ, ಇವತ್ತಿಗೂ ಹುಡುಗರು ಅವನ್ನು ಕಟ್ಟಿಕೊಂಡು ಧುಮುಕುತ್ತಾರೆ. ಆದರೆ ನಾನು ಹೇಳಬೇಕಾದದ್ದು ಅದಕ್ಕೂ ಹಿಂದಿನದು. ಒಂದು ಆಯುಧಪೂಜೆಯ ದಿನದ ಮಾತು.

ಅದನ್ನು ಹೇಳುವ ಮುಂಚೆ ಅವರ ಮಗಳ ವಿಷಯ ಹೇಳಬೇಕು. ಒಬ್ಬಳೇ ಮಗಳು. ಶಿರಾಕ್ಕೆ ಕೊಟ್ಟಿದ್ದರು. ಎರಡು ಸಲ ಬಸಿರಾಗಿ ಎರಡು ಸಲವೂ ನಿಲ್ಲಲಿಲ್ಲ. ಮೂರನೆಯ ಸಲ ತಿಂಗಳು ಏರುತ್ತಿದ್ದ ಹಾಗೇ ತವರಿಗೆ ಕರೆತಂದು, ಬಾವಿಕಟ್ಟೆಗೂ ಬಿಡದೆ ಅಮ್ಮಾವರು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತಿದ್ದರು. ಆ ವರ್ಷ ಆಕೆ ಮಾಡಿದ ಹರಕೆಗಳಿಗೆ ಮಿತಿಯಿಲ್ಲ. ಯಾವ ಪೂಜೆಯಲ್ಲೂ ಒಂದು ಹೂವಿನಷ್ಟು ಹೆಚ್ಚುಕಮ್ಮಿ ಆಗಲು ಬಿಡುತ್ತಿರಲಿಲ್ಲ.

ಆಯುಧಪೂಜೆಯ ದಿನ ಬಸ್ಸು ಲಾರಿಗಳಿಗೆಲ್ಲ ಪೂಜೆ ಮಾಡಿ, ಹಾರ ಹಾಕಿ, ನಿಂಬೆಹಣ್ಣಿನ ಮೇಲೆ ಚಕ್ರ ಹಾಯಿಸಿ ಊರಿನಲ್ಲಿ ಒಂದು ಸುತ್ತು ಹೊಡೆಸುವುದು ರೂಢಿ. ದೋಣಿಗೂ ಹಾಗೇ ಒಂದು ಸುತ್ತು ಆಗಲಿ ಅಂತ ಕ್ಲಬ್ಬಿನವರು ನಿಶ್ಚಯ ಮಾಡಿದರು. ಕೆರೆ ತುಂಬಿ ಕೋಡಿ ಬಿದ್ದಿತ್ತು. ತಾಲ್ಲೂಕಿನ ದೊಡ್ಡ ಅಧಿಕಾರಿ ಅಮಲ್ದಾರರೇ ಕುಟುಂಬ ಸಮೇತ ಬರುವವರಿದ್ದರು. ಮಧ್ಯಾಹ್ನ ದೋಣಿಗೆ ಪೂಜೆಯಾಯಿತು. ದೀಪದ ಗಾಜುಗಳಿಗೂ ಮೂರು ಮೂರು ಬೆರಳು ವಿಭೂತಿ ಎಳೆದು, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಸುತ್ತಿದರು. ಹೆಂಗಸರು ಮಕ್ಕಳು ಹತ್ತಿ ಕೂತರು. ಆಗ ವಕೀಲರು ಕೇಳಿದರು, "ಬೆಂಡು?"

ಕೊಟ್ಟಿಗೆಯಲ್ಲಿ ಇಲಿ ಕಾಟ ಅಂತ ಬೆಂಡುಗಳನ್ನು ಅವರ ಮನೆಯಲ್ಲೇ ಇಡುತ್ತಿದ್ದರು. ತರಲು ನಾನು ಜಟಕಾ ಹತ್ತಿ ಹೋದೆ. ನಡುಮನೆಯಲ್ಲಿ ಪೂಜೆ ಮುಗಿದಿತ್ತು. ತಕ್ಕಡಿ, ಕುಡುಗೋಲು, ಈಳಿಗೆಮಣೆ, ಹೊಲಿಗೆ ಯಂತ್ರ, ವಕೀಲರ ಪೆನ್ನು, ಕಾನೂನಿನ ಪುಸ್ತಕ, ಎಲ್ಲ ಸಾಲಾಗಿ. ಅವುಗಳ ನಡುವೆ, ಒಂದರ ಮೇಲೊಂದು ಅಚ್ಚುಕಟ್ಟಾಗಿ ಪೇರಿಸಿ, ಹೂವು ಮುಡಿಸಿ, ಕುಂಕುಮ ಇಟ್ಟು, ದೋಣಿಯ ಬೆಂಡುಗಳು.

ದೋಣಿಗೆ ಆಯುಧ ಅಂದರೆ ಅವೇ ತಾನೆ? ಅಮ್ಮಾವರು ಯೋಚಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ. ತೊಡಕು ಬೇರೆ. ಪೂಜೆಗೆ ಇಟ್ಟ ಸಾಮಾನನ್ನು ಮಾರನೆಯ ದಿನ ವಿಜಯದಶಮಿಗೆ ಕದಲಿಸಬೇಕೇ ಹೊರತು ಅವತ್ತು ಮುಟ್ಟುವ ಹಾಗಿಲ್ಲ. ಇದು ನಮ್ಮೂರಿನ ಯಾವ ಮಗುವಿಗಾದರೂ ಗೊತ್ತು. ಆ ಒಂದು ದಿನ ಓದು ಅಂತ ಯಾವ ಅಪ್ಪನೂ ಅನ್ನುವ ಹಾಗಿಲ್ಲ. ಗಾಡಿಗಳು ಮಾತ್ರ ಪೂಜೆಯಾದ ಮೇಲೆ ಓಡಬಹುದು. ಹೀಗಾಗಿ ದೋಣಿ ಹೊರಡಬಹುದು, ಬೆಂಡು ಏಳುವ ಹಾಗಿಲ್ಲ. "ಇವತ್ತು ಎತ್ತಂಗಿಲ್ಲ ಕಣಪ್ಪಾ. ನಾಳಿಕ್ಕೆ ಬಾ," ಅಂದರು ಅಮ್ಮಾವರು. ನಾನು ಬರಿಗೈಯಲ್ಲಿ ವಾಪಸು ಬಂದೆ.

ಕೆರೆಯ ಹತ್ತಿರ ಬೆಂಡಿಲ್ಲದೆ ಹೊರಡಲು ಎಲ್ಲರೂ ಒಪ್ಪಿದ ಹಾಗೇ ಆಯಿತು. ಒಂದು ದಿನ ಇಲ್ಲದಿದ್ದರೆ ಏನು ಮಹಾ. ಅಮಲ್ದಾರರು ನಗುನಗುತ್ತಲೇ ಅಂದರು, "ಪೂಜೆ ಆಗಿದೆಯಲ್ಲ ವಕೀಲರೆ, ದೇವರು ಕಾಯ್ತಾನೆ."

"ಕಾಯ್ತಾನೆ ಸ್ವಾಮಿ. ಬೆಂಡು ಕಟ್ಕೊಂಡೋರನ್ನ ಕಾಯಬೇಡ ಅಂತ ಅವನಿಗೆ ಯಾರೂ ಹೇಳಿಲ್ಲವಲ್ಲ."

ಅಮಲ್ದಾರರ ನಗು ಇಂಗಿತು. "ನೋಡಿ, ನಾನು ಸ್ವಲ್ಪ ಹೊತ್ತು ಕಾಯ್ತೀನಿ. ಆಮೇಲೆ ದೋಣಿ ಹೊರಡುತ್ತೆ. ದೋಣಿ ಕ್ಲಬ್ಬಿನದು, ನಿಮ್ಮದಲ್ಲ," ಅಂದರು. ಅದು ನಿಜವೇ. ಬೇಡ ಅನ್ನುವ ಹಕ್ಕನ್ನು ಇವರೇ ಬರೆದುಕೊಟ್ಟಿದ್ದರು. ಬಾಷಾ ಸಾಬರು ನೆಲ ನೋಡುತ್ತ ನಿಂತರು. ಅಮಲ್ದಾರರ ಮಾತು ಮೀರಿ ಬಸ್ಸು ನಡೆಸಿ ಬದುಕುವುದು ಹೇಗೆ? ದೋಣಿಯಲ್ಲಿ ಹೆಡ್‌ಮಾಸ್ತರರ ಮಕ್ಕಳು ಆಗಲೇ ನೀರಿಗೆ ಕೈ ಇಳಿಬಿಟ್ಟುಕೊಂಡು ಆಡುತ್ತಿದ್ದವು. ವಕೀಲರು ಅವನ್ನೇ ಒಂದು ಗಳಿಗೆ ನೋಡಿ, ನನ್ನ ತೋಳು ಹಿಡಿದು ಜಟಕಾಕ್ಕೆ ಹತ್ತಿಸಿದರು.

 ಅವರೇನು ದೇವರು ದಿಂಡರು ನಂಬದವರಲ್ಲ. ದಿನವೂ ಲಿಂಗಪೂಜೆ ಆಗದೆ ನೀರೂ ಮುಟ್ಟದವರು. ಪೂಜೆ ಕದಲಿಸಿದರೆ ಕೇಡು ಅಂತ ಅವರ ಹೆಂಡತಿ ಎಷ್ಟು ನಂಬಿದ್ದರೋ ಅವರೂ ಅಷ್ಟೇ ನಂಬಿದ್ದರು. ಇದನ್ನು ಮರೆತು ಅವರನ್ನು ದೊಡ್ಡ ಸುಧಾರಕರು ಅಂತ ಯಾರಾದರೂ ಹೊಗಳಿದರೆ ನಾನು ಒಪ್ಪುವುದಿಲ್ಲ.

ಅವರು ಕಾಲು ತೊಳೆದು ಒಳಗೆ ಬಂದದ್ದು ಕಂಡೇ ಅಮ್ಮಾವರಿಗೆ ಅರ್ಥವಾಯಿತು. ಪೂಜೆಗೆ ಅಡ್ಡ ಬಂದು ನಿಂತರು.

"ರೀ, ಮುಟ್ಟಬ್ಯಾಡ್ರಿ. ನಮ್ ಕೂಸಿನ ಮಡ್ಲು ತುಂಬ್ಲಿ ಅಂತ ಕೈ ಮುಗ್ದು ಇಕ್ಕಿದೀನಿ. ಇವತ್ತೊಂದಿನ ನನ್ ಮಾತ್ ಕೇಳ್ರಿ."

"ಅವರು ನಿಲ್ಲಲ್ಲ ಕಣೆ. ನಾನು ಹೋಗದಿದ್ರೂ ಹೊರಟುಬಿಡ್ತಾರೆ. ಮಕ್ಕಳು ಕೂತುಬಿಟ್ಟಿದಾವೆ."

"ಊರೋರ್ ಮಕ್ಳು ನಿಮಗೆ ಮಕ್ಳು. ನಮ್ ಮಗಳು?"

ಮಗಳು ಒಳಬಾಗಿಲಲ್ಲಿ ನಿಂತಿದ್ದಳು, ಒಂದು ಕೈ ಹೊಟ್ಟೆಯ ಮೇಲೆ.   ವಕೀಲರು ಪೇಟ ತೆಗೆದು ಪಕ್ಕಕ್ಕಿಟ್ಟು, ಆ ಭಾರದ ಮೈಯನ್ನು ನೆಲಕ್ಕೆ ಚಾಚಿ ದೇವಿಗೆ ಅಡ್ಡಬಿದ್ದರು. "ತಪ್ಪು ನಂದು ತಾಯಿ. ಬರೋದು ನನ್ನ ಮೇಲೆ ಬರಲಿ," ಅಂದರು. ಎದ್ದವರು ಹೂವನ್ನು ಒಂದೊಂದಾಗಿ ಎತ್ತಿ ತಟ್ಟೆಗೆ ಇಟ್ಟು, ಬೆಂಡುಗಳನ್ನು ತೋಳಿಗೆ ಹೇರಿಕೊಂಡರು.  ಅಮ್ಮಾವರು ಅಡಿಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ನಾವು ಕೆರೆಗೆ ಹೋದಾಗ ದೋಣಿ ಇನ್ನೂ ಹೊರಟಿರಲಿಲ್ಲ. ಕುಂಕುಮ ಹತ್ತಿದ ಬೆಂಡುಗಳನ್ನು ಕಂಡು ಜನ ಪಿಸುಗುಟ್ಟಿದರು. ಪೂಜೆ ಕೆಡಿಸಿದ ವಸ್ತು ನಮಗೆ ಬೇಡ ಅಂತ ಅಮಲ್ದಾರರು ಕುಟುಂಬದೊಂದಿಗೆ ತಮ್ಮ ಕಾರು ಹತ್ತಿ ಹೊರಟೇಹೋದರು. ಅವರ ಕಚೇರಿಯಲ್ಲಿ ವಕೀಲರಿಗೆ ಆಮೇಲೆ ಕುರ್ಚಿ ಸಿಗಲಿಲ್ಲ. ಉಳಿದವರು ಮುಖ ಗಂಟುಹಾಕಿಕೊಂಡೇ ಕಟ್ಟಿಸಿಕೊಂಡರು. ಹೊತ್ತು ಇಳಿಯುತ್ತಿತ್ತು. ವಕೀಲರು ದೀಪಗಳ ಹಾರ ಕಿತ್ತು, ಗಾಜಿನ ವಿಭೂತಿಯನ್ನು ತಮ್ಮ ಶಲ್ಯದಲ್ಲಿ ಒರೆಸಿ ಹಚ್ಚಿಸಿದರು. ದೋಣಿ ಹೋಯಿತು. ಕೆರೆ ಸುತ್ತಿತು. ಕೆಂಪು ದೀಪ ಕಂಡಿತು, ಹಸಿರು ಕಂಡಿತು, ವಾಪಸು ಬಂತು. ಎಲ್ಲರೂ ಇಳಿದು ಮನೆಗೆ ಹೋದರು. ಏನೂ ಆಗಲಿಲ್ಲ.

ಕಾರ್ತಿಕದಲ್ಲಿ ಆ ಹುಡುಗಿಗೆ ದಿನ ತುಂಬುವ ಮುಂಚೆಯೇ ನೋವು ಬಂತು. ಕೂಸು ಉಳಿಯಲಿಲ್ಲ.

ಊರಿನ ಬಾಯ ಬಗ್ಗೆ ನಾನು ಬರೆಯುವುದಿಲ್ಲ, ನೀವೇ ಊಹಿಸಿಕೊಳ್ಳಿ. ಮಗಳು ಮೈ ಸುಧಾರಿಸಿಕೊಂಡು ಶಿರಾಕ್ಕೆ ಹೋದಳು. ಅಮ್ಮಾವರು ಗಂಡನ ಜೊತೆ ಮಾತು ಬಿಟ್ಟರು. ಹೊತ್ತುಹೊತ್ತಿಗೆ ಊಟ ಬಡಿಸುತ್ತಿದ್ದರು, ಕಾಲಿಗೆ ನೀರು ಕೊಡುತ್ತಿದ್ದರು, ಮಾತಿಲ್ಲ. ಉಪ್ಪು ಕಮ್ಮಿಯಾದರೂ ಅವರು ಕೇಳುವುದಿಲ್ಲ, ಚಾಲು ಅಂತ ಆಕೆ ಗದರುವುದಿಲ್ಲ. ಆ ಮನೆಗೆ ಕಾಗದಪತ್ರ ಹಿಡಿದು ಹೋಗುವುದೇ ನನಗೆ ಶಿಕ್ಷೆಯಾಯಿತು. ದೋಣಿಯ ಹತ್ತಿರ ಹೆಂಗಸರು ಒಬ್ಬರಿಗೊಬ್ಬರು ಬೆಂಡು ಕಟ್ಟಿಕೊಳ್ಳತೊಡಗಿದರು. ವಕೀಲರು ಗಂಡಸರಿಗೆ ಕಟ್ಟುವುದನ್ನು ಮಾತ್ರ ಬಿಡಲಿಲ್ಲ. ಪಾಟೀಸವಾಲು ನಿಂತುಹೋಗಿತ್ತು. "ತಿರುಗಿ," ಅನ್ನುತ್ತಿದ್ದರು, ಅಷ್ಟೆ.

ಒಂದು ಸಂಜೆ ಕೋರ್ಟಿನ ಜಗಲಿಯಲ್ಲಿ ನಾವಿಬ್ಬರೇ ಇದ್ದಾಗ ನನಗೆ ತಡೆಯಲಾಗಲಿಲ್ಲ. "ಅವತ್ತು ಸುಮ್ಮನಿದ್ದುಬಿಟ್ಟಿದ್ರೆ ಆಗ್ತಿತ್ತೇನೋ ಸಾರ್," ಅಂದೆ.

ಡಬ್ಬಿ ತೆಗೆದವರು ಹಾಗೇ ಕೈಯಲ್ಲಿ ಹಿಡಿದುಕೊಂಡರು. ನಸ್ಯ ಏರಿಸಲಿಲ್ಲ.

"ಬೆಂಡು ಎತ್ತಿದ್ದಕ್ಕೆ ಕೂಸು ಹೋಯ್ತು ಅನ್ನೋದಕ್ಕೂ ಸಾಕ್ಷಿ ಇಲ್ಲ. ಬೆಂಡು ಕಟ್ಟಿದ್ದಕ್ಕೆ ಆ ಮಕ್ಕಳು ಉಳಿದ್ವು ಅನ್ನೋದಕ್ಕೂ ಸಾಕ್ಷಿ ಇಲ್ಲ. ಹೆಂಗಯ್ಯಾ ವಾದ ಮಾಡ್ಲಿ ನಾನು ಅವಳ ಹತ್ತಿರ?"

ಅವರ ಕಣ್ಣಲ್ಲಿ ನೀರಿತ್ತು. ನಾನು ಬೆಟ್ಟದ ಕಡೆ ಮುಖ ತಿರುಗಿಸಿಕೊಂಡೆ.

ವರ್ಷ ತಿರುಗಿತು. ಮತ್ತೆ ಆಯುಧಪೂಜೆ. ಆ ಸಲ ದೋಣಿಯ ಸುತ್ತಿಗೆ ಅಮಲ್ದಾರರನ್ನು ಯಾರೂ ಕರೆದಿರಲಿಲ್ಲ. ಕೆರೆಗೆ ಹೊರಡುವ ಮುಂಚೆ ವಕೀಲರ ಜೊತೆ ನಾನೂ ಅವರ ಮನೆಗೆ ಹೋದೆ. ನಡುಮನೆಯಲ್ಲಿ ಅದೇ ಸಾಲು. ತಕ್ಕಡಿ, ಕುಡುಗೋಲು, ಹೊಲಿಗೆ ಯಂತ್ರ, ಪೆನ್ನು. ನಡುವೆ, ಹೋದ ವರ್ಷ ಬೆಂಡು ಪೇರಿಸಿದ್ದ ಜಾಗ ಖಾಲಿ. ಬರೀ ನೆಲ. ಆ ನೆಲಕ್ಕೇ ಕುಂಕುಮ ಇಟ್ಟು ಒಂದು ಹೂವು ಇಟ್ಟಿದ್ದರು.

ವಕೀಲರು ಅದನ್ನು ನೋಡುತ್ತ ನಿಂತರು. ಅಮ್ಮಾವರು ಒಳಗಿನಿಂದ ಬಂದರು. ಮೊದಲು ನನ್ನ ಕಡೆ ನೋಡಿ ಮಾತಾಡಿದರು, ಆಮೇಲೆ ಅವರ ಕಡೆ ತಿರುಗಿದರು.

"ಬೆಳಿಗ್ಗೇನೇ ಕೆರೆಗೆ ಕಳ್ಸಿದೀನಿ ಕಣಪ್ಪಾ. ಅವು ದೋಣೀಲಿ ಇರ್ಬೇಕಾದವು. ನಮ್ ಮಗಳು ಶಿರಾಕ್ಕೆ ಹೋಗೋವಾಗ ಒಂದ್ ಮಾತು ಅಂದ್ಲು ರೀ. 'ಅಮ್ಮಾ, ಅವತ್ತು ದೋಣೀಲಿ ಕೂತಿದ್ವಲ್ಲ ಮಕ್ಳು, ಅವನ್ನೂ ಯಾರೋ ಮಡ್ಲಿಗೆ ಬೇಡ್ಕಂಡೇ ಪಡ್ದಿರೋದು' ಅಂತ. ಕಳ್ಕಂಡೋಳೇ ಅಂದ್ಲು ಆ ಮಾತ್ನ. ನಂಗೆ ಒಳಿಕ್ಕೆ ಇಳಿಯಾಕೆ ಒಂದ್ ವರ್ಷ ಹಿಡೀತು."

ವಕೀಲರು ಏನೋ ಹೇಳಲು ಬಾಯಿ ತೆರೆದರು.

"ಚಾಲು," ಅಂದರು ಅಮ್ಮಾವರು. "ನಡೀರಿ. ಇವತ್ತು ನಾನೂ ಬತ್ತೀನಿ."

ಕೆರೆಯ ದಡದಲ್ಲಿ ಅಮ್ಮಾವರು ಎಂದಿನ ಹಾಗೆ ಹೆಂಗಸರಿಗೆಲ್ಲ ಕಟ್ಟಿದರು. ಕಡೆಗೆ ತಮ್ಮದನ್ನು ಎತ್ತಿಕೊಂಡು, ತಾವೇ ಬಿಗಿದುಕೊಳ್ಳದೆ, ಅಷ್ಟು ಜನರ ಮುಂದೆ ಹೋಗಿ ಗಂಡನಿಗೆ ಬೆನ್ನು ಮಾಡಿ ನಿಂತರು. ನಮ್ಮ ಕಡೆ ಹೆಂಡತಿಯ ಜೊತೆ ಬೀದಿಯಲ್ಲಿ ಜೋಡಿಯಾಗಿ ನಡೆಯಲೂ ನಾಚುವ ಕಾಲ. ಹೆಂಗಸರು ಸೆರಗು ಬಾಯಿಗೆ ಹಿಡಿದುಕೊಂಡರು. ಹೆಡ್‌ಮಾಸ್ತರರು ಆಕಾಶ ನೋಡಿದರು. ವಕೀಲರು ಲಾಡಿ ಹಿಡಿದುಕೊಂಡರು. ಊರಿಗೆಲ್ಲ ಕಟ್ಟಿದ ಕೈ, ಒಂದು ಗಂಟು ಬೀಳಿಸಲಾರದೆ ಒದ್ದಾಡಿತು. ಹಾಕಿದರು, ಜಾರಿತು, ಮತ್ತೆ ಹಾಕಿದರು.

"ಬಿತ್ತೇನ್ರೀ?"

"ಬಿತ್ತು ಕಣೆ."

"ಇನ್ನೊಂದ್ ಹಾಕ್ರಿ. ಗಟ್ಟಿಯಾಗ್ ಹಾಕ್ರಿ."

ಹಾಕಿದರು. ಬಾಷಾ ಸಾಬರು ಯಾರೂ ಕೇಳದೆಯೇ ಹಾರ್ನು ಒತ್ತಿದರು, ದೋಣಿ ಹೊರಟಿತು.